ಹೆದರುವ ಬೆಕ್ಕು, ನೋವು ನುಂಗುವ ನಾಯಿ: ಪುಟ್ಟ ಕ್ಲಿನಿಕ್ಕಿನಲ್ಲಿ ಕರುಣೆ ಹೇಗೆ ಕೆಲಸ ಮಾಡುತ್ತದೆ

ಎಂಟು ವರ್ಷದ ಬೆಕ್ಕೊಂದನ್ನು ಆಟೊದಲ್ಲಿ ಕೂರಿಸಿಕೊಂಡು ಪಶುವೈದ್ಯರ ಬಳಿಗೆ ಹೊರಟಿದ್ದೀರಿ ಎಂದುಕೊಳ್ಳಿ. ದಾರಿಯುದ್ದಕ್ಕೂ ಹಾರ್ನ್ ಸದ್ದು, ಕಾಯುವ ಜಾಗದಲ್ಲಿ ಎದುರಿಗೇ ಬೊಗಳುವ ಲ್ಯಾಬ್ರಡಾರ್, ಆಮೇಲೆ ತಣ್ಣನೆಯ ಸ್ಟೀಲ್ ಮೇಜು. ರಕ್ತ ತೆಗೆದು ನೋಡಿದರೆ ಸಕ್ಕರೆ 280. ಆರೋಗ್ಯವಂತ ಬೆಕ್ಕಿನಲ್ಲಿ ಅದು ಇದರ ಅರ್ಧದಷ್ಟಿರುತ್ತದೆ. ಹಾಗಾದರೆ ಮಧುಮೇಹವೇ? ಆಗಿರಬಹುದು, ಆಗಿಲ್ಲದೆಯೂ ಇರಬಹುದು. ಹೆದರಿದ ಬೆಕ್ಕಿನ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಓಡಬೇಕಾದೀತು, ಕಾದಾಡಬೇಕಾದೀತು ಎಂದು ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಭಯವೊಂದರಿಂದಲೇ ಬೆಕ್ಕಿನ ಸಕ್ಕರೆ 300 ದಾಟುವುದೂ ಉಂಟು. ಈ ಒಂದು ಅಂಕಿಯನ್ನು ನಂಬಿ ಮಧುಮೇಹವಿಲ್ಲದ ಬೆಕ್ಕಿಗೆ ಇನ್ಸುಲಿನ್ ಶುರು ಮಾಡಿದರೆ ಸಕ್ಕರೆ ಪಾತಾಳಕ್ಕಿಳಿದು, ಸೆಳವು ಬಂದು ಬೆಕ್ಕು ಸಾಯಬಹುದು. ಅದಕ್ಕಾಗಿಯೇ ತಿಳಿದ ವೈದ್ಯರು ಮೂತ್ರದಲ್ಲಿ ಸಕ್ಕರೆಯಿದೆಯೇ ಎಂದು ನೋಡುತ್ತಾರೆ, ಹಿಂದಿನ ಎರಡು ವಾರಗಳ ಸರಾಸರಿ ಸಕ್ಕರೆಯ ಸುಳಿವು ಕೊಡುವ ಫ್ರಕ್ಟೊಸಮೈನ್ ಪರೀಕ್ಷೆಗೆ ಬರೆಯುತ್ತಾರೆ.

ರಕ್ತದೊತ್ತಡದ ಕಥೆಯೂ ಇದೇ. ಬೆಕ್ಕನ್ನು ಐದು ಹತ್ತು ನಿಮಿಷ ಕೋಣೆಗೆ ಹೊಂದಿಕೊಳ್ಳಲು ಬಿಟ್ಟು, ಹಲವು ಸಲ ಅಳೆದು, ಮೊದಲ ಅಳತೆಯನ್ನು ಕೈಬಿಟ್ಟು, ಉಳಿದವುಗಳ ಸರಾಸರಿ ತೆಗೆಯಬೇಕು. ಹೃದಯದ ಬಡಿತ, ಉಸಿರಾಟದ ವೇಗ, ಬಿಳಿ ರಕ್ತಕಣಗಳ ಎಣಿಕೆ ಎಲ್ಲವೂ ಭಯದಿಂದ ಏರುಪೇರಾಗುತ್ತವೆ. ಮೈಯೆಲ್ಲ ಬಿಗಿಹಿಡಿದ ನಾಯಿಯ ಹೊಟ್ಟೆಯನ್ನು ಒತ್ತಿ ನೋಡಿದರೆ ಒಳಗಿನ ಗಡ್ಡೆ ಕೈಗೆ ಸಿಗುವುದೇ ಇಲ್ಲ. ಪ್ರಾಣಿಯನ್ನು ಹೆದರಿಸದೆ ನೋಡುವುದನ್ನು ವೈದ್ಯರ ಒಳ್ಳೆಯತನವೆಂದಷ್ಟೇ ನಾವು ಲೆಕ್ಕ ಹಾಕುತ್ತೇವೆ. ಅದು ರೋಗ ಪತ್ತೆಯ ಮೊದಲ ಹೆಜ್ಜೆ ಎಂಬುದು ನನ್ನ ದೃಢವಾದ ನಂಬಿಕೆ. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ಹವಾನಿಯಂತ್ರಿತ ಕಟ್ಟಡವೂ ಬೇಕಿಲ್ಲ. ಬೇಕಾಗಿರುವುದು ಕಲಿಕೆ ಮತ್ತು ಸಮಯ. ಹಾಗಾಗಿ ಬೀದಿಯ ತುದಿಯಲ್ಲಿ ಒಬ್ಬರೇ ವೈದ್ಯರು, ಒಬ್ಬ ಸಹಾಯಕರನ್ನಿಟ್ಟುಕೊಂಡು ನಡೆಸುವ ಎರಡು ಕೋಣೆಯ ಕ್ಲಿನಿಕ್ಕಿನಲ್ಲೂ ಇದು ಸಾಧ್ಯ.

ಬೆಕ್ಕಿನ ಭಯ ಕ್ಲಿನಿಕ್ಕಿನಲ್ಲಿ ಹುಟ್ಟುವುದಿಲ್ಲ, ಮನೆಯಲ್ಲೇ ಹುಟ್ಟುತ್ತದೆ. ವರ್ಷಕ್ಕೊಮ್ಮೆ ಅಟ್ಟದಿಂದ ಕ್ಯಾರಿಯರ್, ಅಂದರೆ ಬೆಕ್ಕನ್ನು ಒಯ್ಯುವ ಪೆಟ್ಟಿಗೆ, ಇಳಿಸಿದ ಕೂಡಲೇ ಬೆಕ್ಕು ಮಂಚದಡಿ ಸೇರುತ್ತದೆ. ಅದನ್ನು ಎಳೆದು ತುರುಕಿದರೆ ಆ ದಿನದ ಪರೀಕ್ಷೆ ಅಲ್ಲಿಗೇ ಅರ್ಧ ಕೆಟ್ಟಂತೆ. ಕ್ಯಾರಿಯರನ್ನು ವರ್ಷವಿಡೀ ಮನೆಯ ಮೂಲೆಯಲ್ಲಿ ಬಾಗಿಲು ತೆರೆದು ಇಟ್ಟಿರಬೇಕು. ಒಳಗೆ ಹಳೆಯ ಸೀರೆಯ ತುಂಡೋ ಟವೆಲ್ಲೋ ಹಾಸಿ, ಆಗಾಗ ಅಲ್ಲೇ ತಿಂಡಿ ಹಾಕಿದರೆ ಅದು ಬೆಕ್ಕಿನ ಮಲಗುವ ಜಾಗವಾಗಿಬಿಡುತ್ತದೆ. ಕೊಳ್ಳುವಾಗ ಮೇಲಿನ ಅರ್ಧವನ್ನು ಪೂರ್ತಿ ಕಳಚಬಹುದಾದ ಪ್ಲಾಸ್ಟಿಕ್ ಕ್ಯಾರಿಯರನ್ನೇ ಕೊಳ್ಳಿ. ಪ್ರಯಾಣದಲ್ಲಿ ಮೇಲೊಂದು ಬಟ್ಟೆ ಹೊದಿಸಿ. ಕಾಯುವಾಗ ನೆಲದ ಮೇಲಿಡದೆ ಕುರ್ಚಿಯ ಮೇಲೋ ತೊಡೆಯ ಮೇಲೋ ಇಟ್ಟುಕೊಳ್ಳಿ. ನೆಲದ ಮಟ್ಟದಲ್ಲಿ ನಾಯಿಗಳ ಮೂತಿ ಇರುತ್ತದೆ. ಬೇರೆ ಕೋಣೆ ಇಲ್ಲದ ಕ್ಲಿನಿಕ್ಕುಗಳಲ್ಲಿ ಕೆಲವು ವೈದ್ಯರು ಬೆಕ್ಕುಗಳಿಗೆಂದೇ ಮಧ್ಯಾಹ್ನ ಒಂದು ಗಂಟೆಯಷ್ಟು ಹೊತ್ತನ್ನು ಮೀಸಲಿಡುತ್ತಾರೆ. ಕಾಸು ಖರ್ಚಿಲ್ಲದ ಈ ಏರ್ಪಾಡು ಎಲ್ಲ ಕಡೆಯೂ ಇರಬೇಕು.

ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹದಿಮೂರು ವರ್ಷದ ಹೆಣ್ಣು ಬೆಕ್ಕು, ತೂಕ ಇಳಿದಿದೆ, ನೀರು ಜಾಸ್ತಿ ಕುಡಿಯುತ್ತಿದೆ. ವೈದ್ಯೆ ಕ್ಯಾರಿಯರಿನ ಬಾಗಿಲು ತೆರೆದು ಸುಮ್ಮನೆ ಕುಳಿತಿದ್ದಾರೆ, ಬೆಕ್ಕಿನ ಕಡೆ ನೆಟ್ಟ ನೋಟವಿಲ್ಲ. ಮನೆಯವರೊಂದಿಗೆ ಮಾತಾಡುತ್ತಲೇ ಅದು ಉಸಿರಾಡುವ ಬಗೆಯನ್ನು ಓರೆಗಣ್ಣಿನಲ್ಲಿ ಎಣಿಸುತ್ತಿದ್ದಾರೆ. ಬೆಕ್ಕು ಹೊರಬರಲಿಲ್ಲ. ಕ್ಯಾರಿಯರಿನ ಮೇಲ್ಭಾಗದ ತಿರುಪುಗಳನ್ನು ಸದ್ದಾಗದಂತೆ ಬಿಚ್ಚಿ, ಮುಚ್ಚಳ ಎತ್ತುತ್ತಿದ್ದಂತೆ ಟವೆಲನ್ನು ಅದರ ಮೇಲೆ ಇಳಿಬಿಡುತ್ತಾರೆ. ಬೆಕ್ಕು ತನ್ನದೇ ವಾಸನೆಯ ಹಾಸಿಗೆಯಲ್ಲಿ, ಕ್ಯಾರಿಯರಿನ ಕೆಳ ಅರ್ಧದಲ್ಲಿ ಕುಳಿತೇ ಇರುತ್ತದೆ. ಟವೆಲಿನಡಿ ಕೈ ತೂರಿಸಿ ಹೊಟ್ಟೆ ಮುಟ್ಟಿ ನೋಡುತ್ತಾರೆ, ಬೆನ್ನು ಸವರುತ್ತಾ ಸ್ಟೆತಸ್ಕೋಪ್ ಇಡುತ್ತಾರೆ. ಬಾಯಿ ನೋಡುವುದನ್ನೂ ಉಷ್ಣತೆ ಅಳೆಯುವುದನ್ನೂ ಕೊನೆಗೆ ಉಳಿಸಿಕೊಳ್ಳುತ್ತಾರೆ, ಏಕೆಂದರೆ ಬೆಕ್ಕಿಗೆ ಅವೆರಡೂ ಇಷ್ಟವಿಲ್ಲ. "ಗಟ್ಟಿಯಾಗಿ ಹಿಡಿದುಕೊಳ್ಳಲೇ ಡಾಕ್ಟರೇ?" ಎಂದು ಮನೆಯ ಹಿರಿಯರು ಕೇಳಿದರೆ, "ಬೇಡ ಅಂಕಲ್, ನೀವು ಸುಮ್ಮನೆ ಅದರ ಹಣೆ ಸವರುತ್ತಿರಿ, ಸಾಕು" ಎನ್ನುತ್ತಾರೆ.

ಕತ್ತಿನ ಹಿಂಭಾಗದ ತೊಗಲನ್ನು ಹಿಡಿದೆತ್ತುವ ಹಳೆಯ ರೂಢಿಗೆ ಇಲ್ಲಿ ಜಾಗವಿಲ್ಲ. ತಾಯಿ ಬೆಕ್ಕು ಮರಿಯನ್ನು ಹಾಗೆ ಎತ್ತುತ್ತದಲ್ಲ ಎಂದು ಅನೇಕರು ವಾದಿಸುತ್ತಾರೆ. ಅದು ಮರಿಯ ಮೊದಲ ಕೆಲವು ವಾರಗಳ ಮಾತು. ದೊಡ್ಡ ಬೆಕ್ಕು ಅಲುಗಾಡದೆ ನಿಂತರೆ ಅದು ಶಾಂತವಾಗಿದೆ ಎಂದಲ್ಲ, ದಾರಿ ಕಾಣದೆ ಸೆಟೆದುಕೊಂಡಿದೆ ಎಂದರ್ಥ. ಅಮೆರಿಕದ ಬೆಕ್ಕು ವೈದ್ಯರ ಸಂಘ ಮತ್ತು ಬ್ರಿಟನ್ನಿನಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಸಂಘ ಸೇರಿ 2022ರಲ್ಲಿ ಹೊರತಂದ ಮಾರ್ಗಸೂಚಿ ಇಂತಹ ಹಿಡಿತವನ್ನು ಬಿಟ್ಟು, ಸಾಧ್ಯವಾದಷ್ಟು ಕಡಿಮೆ ಹಿಡಿತದಲ್ಲಿ ಪರೀಕ್ಷಿಸಬೇಕು ಎಂದು ವಿವರವಾಗಿ ಹೇಳುತ್ತದೆ. ತೀರಾ ಹೆದರುವ ಬೆಕ್ಕುಗಳಿಗೆ ಮನೆಯಿಂದ ಹೊರಡುವ ಎರಡು ಮೂರು ಗಂಟೆ ಮೊದಲು ಭಯ ತಗ್ಗಿಸುವ ಗ್ಯಾಬಪೆಂಟಿನ್ ಎಂಬ ಔಷಧ ಕೊಡಿಸುವುದು ಈಗ ಸಾಮಾನ್ಯ ಕ್ರಮ. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಕಿಡ್ನಿ ಸೋತ ಬೆಕ್ಕಿಗೆ ಪ್ರಮಾಣ ತಗ್ಗಿಸಬೇಕಾಗುತ್ತದೆ. ಮನುಷ್ಯರಿಗೆಂದು ಮಾಡಿದ ದ್ರವರೂಪದ ಗ್ಯಾಬಪೆಂಟಿನನ್ನು ನಾಯಿಗೆ ಕೊಡುವಂತೆಯೇ ಇಲ್ಲ, ಅಂಥ ಕೆಲವುಗಳಲ್ಲಿ ಸಿಹಿಗೆಂದು ಬಳಸುವ ಕ್ಸೈಲಿಟಾಲ್ ನಾಯಿಗೆ ವಿಷ.

ನಾಯಿ ತನ್ನ ಭಯವನ್ನು ಹೇಳಿಕೊಳ್ಳುತ್ತದೆ, ನಾವು ಕೇಳಿಸಿಕೊಳ್ಳುವುದಿಲ್ಲ. ನಿದ್ದೆ ಬಂದಿಲ್ಲದಿದ್ದರೂ ಆಕಳಿಸುವುದು, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಇತ್ತ ನೋಡುವುದು, ಒಂದು ಮುಂಗಾಲನ್ನು ಎತ್ತಿ ಹಿಡಿಯುವುದು. ಇವೆಲ್ಲ ಗುರುಗುಟ್ಟುವುದಕ್ಕಿಂತ ಮುಂಚಿನ ವಿನಂತಿಗಳು. ಗುರುಗುಟ್ಟಿದ್ದಕ್ಕೆ ಬೈದರೆ ನಾಯಿ ಮುಂದಿನ ಸಲ ಎಚ್ಚರಿಕೆ ಕೊಡದೆ ನೇರವಾಗಿ ಕಚ್ಚಲು ಕಲಿಯುತ್ತದೆ. ಮಝಲ್, ಅಂದರೆ ಬಾಯಿಕುಕ್ಕೆ, ಹಾಕುವುದರಲ್ಲಿ ಕ್ರೌರ್ಯವಿಲ್ಲ. ಬಾಯಿ ತೆರೆದು ತೇಕಲು, ನೀರು ಕುಡಿಯಲು ಬರುವಂಥ ಬುಟ್ಟಿ ಮಝಲನ್ನು ಮನೆಯಲ್ಲೇ ತಿಂಡಿ ಹಾಕಿ ಹಾಕಿ ಅಭ್ಯಾಸ ಮಾಡಿಸಿರಬೇಕು. ಮೇಜಿನ ಮೇಲೆ ಎತ್ತಿ ಕೂರಿಸಿದರೆ ನಡುಗುವ ನಾಯಿಯನ್ನು ನೆಲದ ಮೇಲೆ ಚಾಪೆ ಹಾಸಿ ನೋಡಬಹುದು. ಲಸಿಕೆ ಚುಚ್ಚುವಾಗ ಎದುರಿಗೆ ನೆಕ್ಕಲು ಏನಾದರೂ ಇಟ್ಟರೆ ಎಷ್ಟೋ ನಾಯಿಗಳಿಗೆ ಸೂಜಿ ಗೊತ್ತೇ ಆಗುವುದಿಲ್ಲ. ಪರೀಕ್ಷೆ ತುರ್ತಿನದಲ್ಲದಿದ್ದರೆ ಅಂದು ನಿಲ್ಲಿಸಿ ಇನ್ನೊಂದು ದಿನ ಬರಲು ಹೇಳುವ ವೈದ್ಯರ ಬಗ್ಗೆ ಬೇಸರ ಬೇಡ. ಒಮ್ಮೆ ನಾಲ್ಕು ಜನ ಅದುಮಿ ಹಿಡಿದು ಚುಚ್ಚಿಸಿಕೊಂಡ ನಾಯಿ ಆ ಬೀದಿಯ ತಿರುವನ್ನೂ ಮರೆಯುವುದಿಲ್ಲ.

ಇನ್ನು ನೋವಿನ ವಿಷಯ. ನನ್ನ ಮಟ್ಟಿಗೆ ಪ್ರಾಣಿಗಳಿಗೆ ಅತಿ ಹೆಚ್ಚು ಅನ್ಯಾಯವಾಗುವುದು ಇಲ್ಲೇ. "ಅಳುತ್ತಿಲ್ಲವಲ್ಲ, ಊಟವೂ ಮಾಡುತ್ತಿದೆ, ನೋವೇನೂ ಇಲ್ಲ" ಎಂಬ ಮಾತನ್ನು ಕ್ಲಿನಿಕ್ಕಿನಲ್ಲಿ ದಿನವೂ ಕೇಳಬಹುದು. ಬೆಕ್ಕು ಬೇಟೆಗಾರ ಹೌದು, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಬಲಹೀನತೆ ತೋರಿಸಿದರೆ ಉಳಿಗಾಲವಿಲ್ಲದ ಬದುಕು ಅದಕ್ಕೆ ನೋವು ಮುಚ್ಚಿಡುವುದನ್ನು ಕಲಿಸಿದೆ. ಹನ್ನೆರಡು ವರ್ಷ ದಾಟಿದ ನೂರು ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೊಂಬತ್ತರಲ್ಲಿ ಕೀಲು ಸವೆತದ ಗುರುತುಗಳಿದ್ದವು. ಕೀಲು ನೋಯುವ ಬೆಕ್ಕು ಕುಂಟುವುದು ಅಪರೂಪ. ಮೊದಲು ಒಂದೇ ನೆಗೆತಕ್ಕೆ ಕಿಟಕಿ ಏರುತ್ತಿದ್ದದ್ದು ಈಗ ಮೊದಲು ಕುರ್ಚಿ ಹತ್ತಿ, ಅಲ್ಲಿಂದ ಏರುತ್ತದೆ. ಬೆನ್ನು ತಿರುಗಿಸಿ ನೆಕ್ಕಿಕೊಳ್ಳಲಾಗದೆ ಸೊಂಟದ ಹತ್ತಿರ ಕೂದಲು ಗಂಟುಗಟ್ಟುತ್ತದೆ. ಎತ್ತರದ ಅಂಚಿನ ಮರಳಿನ ಟ್ರೇ ದಾಟಲಾಗದೆ ಪಕ್ಕದಲ್ಲೇ ಮೂತ್ರ ಮಾಡುತ್ತದೆ, ಬೈಸಿಕೊಳ್ಳುತ್ತದೆ. ಮನೆಯವರು ಇದನ್ನೆಲ್ಲ "ವಯಸ್ಸಾಯಿತು" ಎಂದು ತೆಗೆದುಹಾಕುತ್ತಾರೆ. ವಯಸ್ಸಿಗೆ ಔಷಧವಿಲ್ಲ, ನೋವಿಗೆ ಇದೆ.

ಹೇಳಿಕೊಳ್ಳಲು ಬಾರದ ಪ್ರಾಣಿಯ ನೋವನ್ನು ಅಳೆಯುವುದು ಹೇಗೆ? ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಬೆಕ್ಕಿನ ಮುಖವನ್ನೇ ಮಾಪಕವನ್ನಾಗಿ ಮಾಡಿದರು. ನೋಡಬೇಕಾದ್ದು ಐದು: ಕಿವಿಗಳು ನೇರವಾಗಿವೆಯೇ ಅಥವಾ ಹೊರಕ್ಕೆ ಹೊರಳಿವೆಯೇ, ಕಣ್ಣುಗಳು ಕಿರಿದಾಗಿವೆಯೇ, ಮೂತಿ ದುಂಡಗಿದೆಯೇ ಅಥವಾ ಬಿಗಿದು ಚಪ್ಪಟೆಯಾಗಿದೆಯೇ, ಮೀಸೆ ಸಡಿಲವಾಗಿ ಬಾಗಿದೆಯೇ ಅಥವಾ ನೆಟ್ಟಗೆ ಮುಂದಕ್ಕೆ ಚಾಚಿದೆಯೇ, ತಲೆ ಭುಜಕ್ಕಿಂತ ಕೆಳಗಿಳಿದಿದೆಯೇ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಹತ್ತಕ್ಕೆ ನಾಲ್ಕು ಬಂದರೆ ನೋವಿಗೆ ಔಷಧ ಕೊಡುವ ಯೋಚನೆ ಮಾಡಬೇಕು. ಇದು ಶಸ್ತ್ರಚಿಕಿತ್ಸೆಯಂಥ ತೀವ್ರ ನೋವಿಗೆಂದು ಮಾಡಿದ ಮಾಪಕ, ಕೀಲುನೋವಿನಂಥ ಹಳೆಯ ನೋವಿಗಲ್ಲ. ಹಳೆಯ ನೋವಿಗೆ ಮನೆಯಲ್ಲಿ ತೆಗೆದ ಮೊಬೈಲ್ ವಿಡಿಯೊಗಳೇ ಒಳ್ಳೆಯ ಸಾಕ್ಷಿ: ಮೆಟ್ಟಿಲು ಹತ್ತುವುದು, ಸೋಫಾದಿಂದ ಇಳಿಯುವುದು, ಮಲಗಿದ್ದು ಏಳುವುದು. ಕ್ಲಿನಿಕ್ಕಿನಲ್ಲಿ ಭಯದಿಂದ ಸೆಟೆದು ನಿಂತ ಬೆಕ್ಕು ಇವನ್ನು ಮಾಡಿ ತೋರಿಸುವುದಿಲ್ಲ. ನಾಯಿಗಳಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ರೂಪಿಸಿದ ಮಾಪಕವಿದೆ. ನಾಯಿಯನ್ನು ನಡೆಸಿ, ಗಾಯದ ಸುತ್ತ ಮೆಲ್ಲಗೆ ಒತ್ತಿ, ಅದು ಹೇಗೆ ಪ್ರತಿಕ್ರಿಯಿಸಿತು ಎಂದು ಗುರುತು ಹಾಕುತ್ತಾ ಹೋದರೆ ಒಟ್ಟು 24ಕ್ಕೆ ಅಂಕ ಸಿಗುತ್ತದೆ. ಆರಕ್ಕಿಂತ ಕಡಿಮೆ ಇರಬೇಕು. ಎರಡೂ ಮಾಪಕಗಳು ಒಂದೊಂದು ಹಾಳೆಯಲ್ಲಿ ಮುಗಿಯುತ್ತವೆ, ಗೋಡೆಗೆ ಅಂಟಿಸಿಕೊಂಡರಾಯಿತು.

ಸಂತಾನಹರಣ ಶಸ್ತ್ರಚಿಕಿತ್ಸೆ ನಮ್ಮಲ್ಲಿ ಅತಿ ಸಾಮಾನ್ಯ. ಅದರಲ್ಲಿ ಅರಿವಳಿಕೆ ಬೇರೆ, ನೋವು ನಿವಾರಣೆ ಬೇರೆ ಎಂಬುದನ್ನು ಸಾಕುವವರು ತಿಳಿದಿರಬೇಕು. ಅರಿವಳಿಕೆ ಪ್ರಜ್ಞೆಯನ್ನು ಮಲಗಿಸುತ್ತದೆ. ನರಗಳು ಕಳಿಸುವ ನೋವಿನ ಸಂದೇಶ ಮಾತ್ರ ಒಳಗೊಳಗೇ ಮಿದುಳು ಬಳ್ಳಿಗೆ ಬಡಿಯುತ್ತಲೇ ಇರುತ್ತದೆ. ಎಚ್ಚರವಾದಾಗ ಆ ದಾರಿಗಳು ಕೆರಳಿ, ಸಣ್ಣ ಸ್ಪರ್ಶವೂ ನೋವಾಗುತ್ತದೆ. ಹಾಗಾಗಿ ಕೊಯ್ಯುವ ಮುಂಚೆಯೇ ನೋವು ನಿವಾರಕ ಕೊಡಬೇಕು, ಒಂದೇ ಬಗೆಯದಕ್ಕಿಂತ ಎರಡು ಮೂರು ಬಗೆಯವನ್ನು ಸೇರಿಸಬೇಕು. ಮಾರ್ಫಿನ್ ವರ್ಗದ ಹಲವು ಔಷಧಗಳಿಗೆ 1985ರ ಮಾದಕ ವಸ್ತು ಕಾಯ್ದೆಯ ಕಟ್ಟುಪಾಡುಗಳಿರುವುದರಿಂದ ಅವು ಪುಟ್ಟ ಕ್ಲಿನಿಕ್ಕುಗಳಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಲಿಗ್ನೊಕೇನ್, ಬ್ಯುಪಿವಕೇನ್ ಎಂಬ ಸ್ಥಳೀಯ ಅರಿವಳಿಕೆಗಳು ಅಗ್ಗ, ಎಲ್ಲೆಡೆ ಸಿಗುತ್ತವೆ. ಕೊಯ್ಯುವ ಜಾಗದಲ್ಲಿ ಅವನ್ನು ಚುಚ್ಚಿದರೆ ಪ್ರಾಣಿ ಏಳುವಾಗಿನ ನೋವು ಬಹಳಷ್ಟು ತಗ್ಗುತ್ತದೆ. ನಿಮ್ಮ ನಾಯಿಯನ್ನು ಶಸ್ತ್ರಚಿಕಿತ್ಸೆಗೆ ಬಿಡುವ ಮುನ್ನ "ನೋವಿಗೆ ಏನು ಕೊಡುತ್ತೀರಿ, ಮನೆಗೆ ಎಷ್ಟು ದಿನದ ಔಷಧ ಕೊಡುತ್ತೀರಿ?" ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಆದರೆ ನೋವಿನ ಮಾತ್ರೆಯನ್ನು ಮನೆಯ ಡಬ್ಬಿಯಿಂದ ಎಂದೂ ತೆಗೆದು ಕೊಡಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ನಾವು ಜ್ವರಕ್ಕೆಂದು ನುಂಗುವ ಪ್ಯಾರಾಸಿಟಮಾಲ್, ಅಂದರೆ ಡೋಲೋ, ಕ್ರೋಸಿನ್ ಬೆಕ್ಕನ್ನು ಕೊಲ್ಲುತ್ತವೆ. ನಮ್ಮ ಯಕೃತ್ತು ಈ ಔಷಧಕ್ಕೆ ಗ್ಲುಕ್ಯುರಾನಿಕ್ ಆಮ್ಲವನ್ನು ಜೋಡಿಸಿ ಹೊರಹಾಕುತ್ತದೆ. ಆ ಜೋಡಣೆಗೆ ಬೇಕಾದ ಕಿಣ್ವದ ಜೀನ್ ಬೆಕ್ಕಿನಲ್ಲಿ ಕೆಲಸ ಮಾಡುವುದಿಲ್ಲ. ಹೊರಹೋಗಲಾರದ ಔಷಧ ವಿಷವಾಗಿ ಮಾರ್ಪಟ್ಟು ರಕ್ತದ ಹಿಮೊಗ್ಲೋಬಿನ್ನನ್ನು ಕೆಡಿಸುತ್ತದೆ. ಕೆಟ್ಟ ಹಿಮೊಗ್ಲೋಬಿನ್ ಆಮ್ಲಜನಕ ಹೊರಲಾರದು. ಕೆಲವೇ ಗಂಟೆಗಳಲ್ಲಿ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದಗಳು ಊದಿಕೊಳ್ಳುತ್ತವೆ, ಬೆಕ್ಕು ಏದುಸಿರು ಬಿಡುತ್ತದೆ. 650 ಮಿಲಿಗ್ರಾಮಿನ ಮಾತ್ರೆಯ ಕಾಲುಭಾಗವೂ ನಾಲ್ಕು ಕಿಲೊ ಬೆಕ್ಕಿಗೆ ಅಪಾಯಕಾರಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಬೇಗ ಕೊಟ್ಟರೆ ಮಾತ್ರ ಫಲ. ನಾಯಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಕಿಡ್ನಿ ಕೈಕೊಡುತ್ತದೆ. ಉಣ್ಣಿ ಕಾಟಕ್ಕೆಂದು ನಾಯಿಯ ಬೆನ್ನಿಗೆ ಸುರಿಯುವ, ಪರ್ಮೆಥ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಾಕಿ ಸೆಳವು ತರಿಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಇವೆ.

ಡೈಕ್ಲೊಫೆನಾಕ್ ಎಂದಾಗ ನೆನಪಾಗುವುದು ರಣಹದ್ದುಗಳು. ಈ ಔಷಧ ಕೊಟ್ಟ ದನಗಳ ಹೆಣ ತಿಂದು ಅವು ಕಿಡ್ನಿ ಸೋತು ಸತ್ತವು. 2006ರಲ್ಲಿ ಭಾರತ ಸರ್ಕಾರ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು, 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್‌ಗಳನ್ನೂ ನಿಷೇಧಿಸಿತು. ಪಶುವೈದ್ಯರು ಈಗ ಹೆಚ್ಚಾಗಿ ಬಳಸುವ ಮೆಲಾಕ್ಸಿಕಾಮ್ ಎಂಬ ನೋವು ನಿವಾರಕ ಹದ್ದುಗಳಿಗೆ ಅಪಾಯವಿಲ್ಲದ್ದು. ರಾಮನಗರದ ಬೆಟ್ಟಗಳಲ್ಲಿ ಉಳಿದಿರುವ ಬೆರಳೆಣಿಕೆಯ ಹದ್ದುಗಳ ಮಟ್ಟಿಗೆ ಈ ಆಯ್ಕೆ ಚಿಕ್ಕದಲ್ಲ.

ಪುಟ್ಟ, ಸ್ವತಂತ್ರ ಕ್ಲಿನಿಕ್ ಎಂಬುದಕ್ಕೂ ಇದಕ್ಕೆಲ್ಲ ಏನು ಸಂಬಂಧ? ಬ್ರಿಟನ್ನಿನಲ್ಲಿ 2013ರ ಹೊತ್ತಿಗೆ ನೂರಕ್ಕೆ ಹತ್ತರಷ್ಟು ಪಶುಚಿಕಿತ್ಸಾಲಯಗಳು ದೊಡ್ಡ ಕಂಪನಿಗಳ ಕೈಯಲ್ಲಿದ್ದವು. ಹತ್ತು ವರ್ಷಗಳೊಳಗೆ ಅದು ಸುಮಾರು ಅರವತ್ತಕ್ಕೆ ಏರಿತು. ದರಗಳ ಬಗ್ಗೆ, ಜನರಿಗೆ ಆಯ್ಕೆ ಇಲ್ಲದಿರುವ ಬಗ್ಗೆ ಎದ್ದ ದೂರುಗಳಿಂದಾಗಿ ವ್ಯಾಪಾರದ ಸ್ಪರ್ಧೆಯ ಮೇಲೆ ಕಣ್ಣಿಡುವ ಅಲ್ಲಿನ ಪ್ರಾಧಿಕಾರ 2024ರಲ್ಲಿ ಔಪಚಾರಿಕ ತನಿಖೆಯನ್ನೇ ಆರಂಭಿಸಿತು. ಕರ್ನಾಟಕದ ಊರುಗಳಲ್ಲಿ ನಾಯಿ, ಬೆಕ್ಕು ನೋಡುವ ಖಾಸಗಿ ಕ್ಲಿನಿಕ್ ಎಂದರೆ ಈಗಲೂ ಬಹುಪಾಲು ವೈದ್ಯರೇ ಮಾಲೀಕರಾಗಿರುವ ಜಾಗ. ಕಂಪನಿ ಕೆಟ್ಟದು, ಒಬ್ಬಂಟಿ ವೈದ್ಯರು ಒಳ್ಳೆಯವರು ಎಂದು ಗೆರೆ ಎಳೆಯುವುದು ಸರಿಯಲ್ಲ. ರಾತ್ರಿ ಎರಡಕ್ಕೆ ಹೊಟ್ಟೆ ತಿರುಚಿಕೊಂಡ ಗ್ರೇಟ್ ಡೇನ್ ನಾಯಿಗೆ ಇಡೀ ರಾತ್ರಿ ತೆರೆದಿರುವ ದೊಡ್ಡ ಆಸ್ಪತ್ರೆಯೇ ಬೇಕು. ಆದರೆ ಮರಿಯಿದ್ದಾಗಿನಿಂದ ಅದೇ ಕೈ ಮುಟ್ಟಿ ನೋಡಿದ ಪ್ರಾಣಿಯಲ್ಲಿ ಸಣ್ಣ ಬದಲಾವಣೆಯೂ ಕಣ್ಣಿಗೆ ಬೀಳುತ್ತದೆ. "ಕಳೆದ ಸಲಕ್ಕಿಂತ ಮುನ್ನೂರು ಗ್ರಾಂ ಇಳಿದಿದೆಯಲ್ಲಮ್ಮ, ಮನೆಯಲ್ಲಿ ಊಟ ಹಾಕುವವರು ಬದಲಾದರೇ?" ಎಂದು ಕೇಳಲು ಆ ಮನೆಯ ಪರಿಚಯವಿರಬೇಕು.

ಹಣದ ಮಾತೂ ಅಲ್ಲೇ ಬರುತ್ತದೆ. ಎಲ್ಲ ಪರೀಕ್ಷೆಗಳನ್ನೂ ಮಾಡಿಸಲು ಶಕ್ತಿಯಿಲ್ಲದ ಮನೆಯವರ ಮುಂದೆ "ಇದಾದರೆ ಇಷ್ಟು, ಅದಾದರೆ ಅಷ್ಟು, ಈಗ ತುರ್ತಿರುವುದು ಇದೊಂದೇ" ಎಂದು ಬಿಡಿಸಿ ಹೇಳುವುದು ಕರುಣೆಯ ಕೆಲಸ. ಎಲ್ಲವನ್ನೂ ಬರೆದುಕೊಟ್ಟು ಅವರು ಮತ್ತೆ ಬರದಂತೆ ಮಾಡುವುದರಿಂದ ಪ್ರಾಣಿಗೆ ಏನೂ ಸಿಗುವುದಿಲ್ಲ. ತನ್ನ ಕೈಮೀರಿದ್ದನ್ನು ಒಪ್ಪಿಕೊಂಡು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆಗೆ ಚೀಟಿ ಬರೆದು ಕಳಿಸುವುದೂ ಆ ಕೆಲಸದ ಭಾಗ. ಅಂದಹಾಗೆ, ಬೋರ್ಡಿನಲ್ಲಿ ಏನೇ ಬರೆದಿರಲಿ, ವೈದ್ಯರ ಹೆಸರು ರಾಜ್ಯ ಪಶುವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು ಎಂಬುದು 1984ರ ಕಾಯ್ದೆಯ ನಿಯಮ. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ವಾಸಿಯಾಗದ ಕಾಯಿಲೆಗಳಲ್ಲಿ ಮನೆಯವರೇ ಅರ್ಧ ದಾದಿಯರಾಗುತ್ತಾರೆ. ಮುದಿ ಬೆಕ್ಕಿನ ಕಿಡ್ನಿ ಕಾಯಿಲೆಯನ್ನೇ ನೋಡಿ. ಕಿಡ್ನಿಯ ಸುಮಾರು ಮುಕ್ಕಾಲು ಪಾಲು ಶಕ್ತಿ ಕುಂದುವವರೆಗೂ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ, ಕಿಡ್ನಿ ಹೊರಹಾಕಬೇಕಾದ ಕಸ ಏರಿದಂತೆ ಕಾಣದಿರಬಹುದು. ಗೊತ್ತಾದ ಮೇಲೆ ಆಹಾರ ಬದಲಿಸಿ, ನೀರಿನಂಶ ಕಾಪಾಡಿಕೊಂಡರೆ ಎಷ್ಟೋ ಬೆಕ್ಕುಗಳು ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತವೆ. ಕೆಲವಕ್ಕೆ ಬೆನ್ನ ಮೇಲಿನ ಸಡಿಲ ಚರ್ಮದಡಿಗೆ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ಬಿಡಬೇಕಾಗುತ್ತದೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಮೈಯ ಬಿಸಿಗೆ ತಂದುಕೊಳ್ಳುವುದು, ಚರ್ಮವನ್ನು ಗುಡಾರದಂತೆ ಎತ್ತಿ ಸೂಜಿ ತೂರಿಸುವುದು, ಮುಗಿದ ಕೂಡಲೇ ಇಷ್ಟದ ತಿಂಡಿ ಕೊಡುವುದು ಎಲ್ಲವನ್ನೂ ವೈದ್ಯರು ಕೂತು ಕಲಿಸಿದರೆ ಬೆಕ್ಕಿಗೆ ಆಟೊ ಪ್ರಯಾಣ ತಪ್ಪುತ್ತದೆ. ಮಾತ್ರೆ ನುಂಗಿಸುವುದನ್ನೂ ಕಲಿಯಬೇಕು. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನು ಒಣದಾಗಿ ನುಂಗಿಸಿದರೆ ಬೆಕ್ಕಿನ ಅನ್ನನಾಳದಲ್ಲಿ ಅಂಟಿ ಹುಣ್ಣು ಮಾಡಿ, ನಾಳ ಕಿರಿದಾಗಿ, ಮುಂದೆ ಊಟವೇ ಇಳಿಯದಂತಾಗಬಹುದು. ಹಿಂದೆಯೇ ಸಿರಿಂಜಿನಲ್ಲಿ ಸ್ವಲ್ಪ ನೀರು ಕುಡಿಸಿದರೆ ಆ ತೊಂದರೆ ತಪ್ಪುತ್ತದೆ.

ಇನ್ನು ಸಾಕು ಎನ್ನುವ ದಿನ ಯಾವಾಗ? ಅಮೆರಿಕದ ಪಶು ಕ್ಯಾನ್ಸರ್ ತಜ್ಞೆ ಆಲಿಸ್ ವಿಲಲೊಬೊಸ್ ಇದಕ್ಕೊಂದು ಲೆಕ್ಕದ ಹಾಳೆ ಮಾಡಿದ್ದಾರೆ. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ ಏಳು ವಿಷಯಗಳಿಗೆ ತಲಾ ಹತ್ತು ಅಂಕ. ಒಟ್ಟು 35 ದಾಟಿದ್ದರೆ ಬದುಕು ಸಹ್ಯ. ಅಂಕವೇ ತೀರ್ಪು ಹೇಳುವುದಿಲ್ಲ. ಆದರೆ ವಾರಕ್ಕೊಮ್ಮೆ ಬರೆದಿಟ್ಟರೆ, ದಿನವೂ ನೋಡುವ ಕಣ್ಣಿಗೆ ಕಾಣದ ಇಳಿಜಾರು ಹಾಳೆಯಲ್ಲಿ ಕಾಣುತ್ತದೆ. ದಯಾಮರಣ ಪಾಪ ಎಂಬ ಅಳುಕು ನಮ್ಮ ಅನೇಕ ಮನೆಗಳಲ್ಲಿದೆ, ಅದನ್ನು ಗೌರವಿಸಿ ಮಾತಾಡುವ ವೈದ್ಯರು ಬೇಕು. ಬೇಡವೆಂದವರಿಗೆ ಕೊನೆಯವರೆಗೂ ನೋವು ತಗ್ಗಿಸುವ ಚಿಕಿತ್ಸೆಯಾದರೂ ಸಿಗಬೇಕು. ಉಸಿರಿಗಾಗಿ ಒದ್ದಾಡುವ ಪ್ರಾಣಿಯ ವಿಷಯದಲ್ಲಿ ಮಾತ್ರ, ತಡಮಾಡುವುದು ತಪ್ಪು ಎಂದೇ ನನಗೆ ಅನ್ನಿಸುತ್ತದೆ.

ಏನಾಗುತ್ತದೆ ಎಂದು ಮುಂಚೆಯೇ ಗೊತ್ತಿದ್ದರೆ ಆ ಹೊತ್ತನ್ನು ಎದುರಿಸುವುದು ಸ್ವಲ್ಪ ಸುಲಭ. ಮೊದಲು ಮಂಪರು ಬರಿಸುವ ಚುಚ್ಚುಮದ್ದು; ಹತ್ತು ಹದಿನೈದು ನಿಮಿಷಗಳಲ್ಲಿ ಪ್ರಾಣಿ ಗಾಢವಾಗಿ ಮಲಗುತ್ತದೆ. ಆಮೇಲೆ ರಕ್ತನಾಳದ ಮೂಲಕ ಅರಿವಳಿಕೆಯ ಔಷಧವನ್ನು ಮಿತಿಮೀರಿದ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರಜ್ಞೆ ಪೂರ್ತಿ ಹೋದ ಮೇಲೆ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಮೂತ್ರ ಹೋಗಬಹುದು. ಹೃದಯ ನಿಂತ ಮೇಲೂ ಒಂದೆರಡು ಸಲ ಎದೆ ಏರಿಳಿಯಬಹುದು, ಅದು ಸ್ನಾಯುಗಳ ಚಲನೆ, ಪ್ರಾಣಿಗೆ ಏನೂ ತಿಳಿಯುತ್ತಿರುವುದಿಲ್ಲ. ಮನೆಯವರು ಜೊತೆಗಿರಬೇಕೋ ಬೇಡವೋ ಎಂಬುದು ಅವರಿಗೆ ಬಿಟ್ಟದ್ದು. ಬಿಲ್ಲಿನ ಕೆಲಸವನ್ನು ಮುಂಚೆಯೇ ಮುಗಿಸಿಕೊಳ್ಳುವ ಕ್ಲಿನಿಕ್ಕುಗಳ ಬಗ್ಗೆ ನನಗೆ ಗೌರವವಿದೆ. ಆ ಕ್ಷಣದಲ್ಲಿ ಕೌಂಟರಿನ ಮುಂದೆ ನಿಲ್ಲುವ ಕಷ್ಟ ಯಾರಿಗೂ ಬೇಡ. ದೇಹದಲ್ಲಿ ಉಳಿಯುವ ಔಷಧ ಅದನ್ನು ಅಗೆದು ತಿನ್ನುವ ಬೀದಿನಾಯಿ, ಹದ್ದು, ಕಾಗೆಗಳಿಗೂ ವಿಷವಾದ್ದರಿಂದ, ಹೂಳುವುದಾದರೆ ಬಾವಿ, ಕೆರೆಗಳಿಂದ ದೂರ, ಮೂರು ನಾಲ್ಕು ಅಡಿ ಆಳಕ್ಕೆ ಹೂಳಬೇಕು, ಇಲ್ಲವೇ ಪ್ರಾಣಿಗಳ ಚಿತಾಗಾರವಿರುವ ಊರಾದರೆ ಅಲ್ಲಿ ಸುಡಿಸಬೇಕು.